ಎಲ್ಲರಿಗೂ ಆಡಿದ ಮಾತು

ಒಬ್ಬನು ಇನ್ನೊಬ್ಬನ ಮುಖ ನೋಡಿ ಆಡಿದ ಮಾತಿಗೆ ಹೊಣೆಯುಂಟು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೊಟ್ಟ ಮಾತಿಗೆ ತಪ್ಪಿದವನನ್ನು ಊರು ಆಡಿಕೊಳ್ಳುತ್ತದೆ. ಅವನಿಗೆ ಸಾಲ ಕೊಡಲು ಹಿಂದೆಗೆಯುತ್ತದೆ. ಅವನ ಮಕ್ಕಳ ಕಾಲಕ್ಕೂ ಆ ಹೆಸರು ಅಂಟಿಕೊಂಡಿರುತ್ತದೆ. ಆದರೆ ಅದೇ ಮನುಷ್ಯ ಅದೇ ಮಾತನ್ನು ಒಬ್ಬನಿಗೆ ಹೇಳದೆ ಊರಿಗೆಲ್ಲ ಹೇಳಿದರೆ, ಬಾಯಿಂದ ಹೇಳದೆ ಅಚ್ಚುಮೊಳೆಗಳಿಂದ ಹೇಳಿದರೆ, ಅವನ ಹೊಣೆ ಹೆಚ್ಚಬೇಕೆ, ಕಡಿಮೆಯಾಗಬೇಕೆ? ಲೆಕ್ಕದಂತೆ ನೋಡಿದರೆ ಕೇಳಿದವರು ಹೆಚ್ಚಿದಷ್ಟೂ ಹೊಣೆಯೂ ಹೆಚ್ಚಬೇಕು. ಲೋಕದ ನಡವಳಿಕೆಯನ್ನು ನೋಡಿದರೆ ಎಲ್ಲವೂ ತಿರುಗುಮುರುಗು. ನೆರೆಯವನಿಗೆ ಸುಳ್ಳು ಹೇಳಿದವನನ್ನು ಸುಳ್ಳುಗಾರ ಎನ್ನುತ್ತೇವೆ. ಲಕ್ಷ ಜನಕ್ಕೆ ಹೇಳಿದವನನ್ನು ವ್ಯಾಪಾರ ಬಲ್ಲವನು ಎನ್ನುತ್ತೇವೆ. ಈ ವಿಚಿತ್ರ ನ್ಯಾಯ ಎಲ್ಲಿಂದ ಬಂತು, ಇದನ್ನು ನಾವು ಒಪ್ಪಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪ್ರಶ್ನೆಯನ್ನು ಗಾಳಿಗೆ ತೂರಿಬಿಡದೆ ಒಂದು ಕಾಲಕ್ಕೂ ಒಂದು ಊರಿಗೂ ಕಟ್ಟಿಹಾಕಿ ನೋಡುವುದು ಮೇಲು. ಕಾಲ ವಿಕ್ಟೋರಿಯಾ ರಾಣಿಯದು. ಊರು ಆಸ್ಟ್ರೇಲಿಯದ ಮೆಲ್ಬರ್ನ್. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಬಾಳಿಕೊಂಡಿದ್ದ ನೆಲದ ಮೇಲೆ, 1835ರಲ್ಲಿ, ಅವರ ಒಪ್ಪಿಗೆಯನ್ನು ಸರಿಯಾಗಿ ಕೇಳದೆಯೇ ಹೂಡಿದ ವಸಾಹತು ಅದು. 1837ರಲ್ಲಿ ಇಂಗ್ಲೆಂಡಿನ ಅಂದಿನ ಪ್ರಧಾನಿಯ ಹೆಸರನ್ನು ಅದಕ್ಕೆ ಇಟ್ಟರು. ಅದೇ ವರ್ಷ ವಿಕ್ಟೋರಿಯಾ ಪಟ್ಟಕ್ಕೆ ಬಂದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಥಾಮಸ್ ಹಾಲೊವೆ ಎಂಬಾತ ತನ್ನ ಮುಲಾಮಿನ ಮೊದಲ ಜಾಹೀರಾತನ್ನು ಅಚ್ಚು ಹಾಕಿಸಿದ. ರಾಣಿಯ ಪಟ್ಟ, ಊರಿನ ಹೆಸರು, ಹಾಲೊವೆಯ ಮುಲಾಮು, ಮೂರೂ ಒಂದೇ ವರ್ಷದವು. ಮೂರೂ ಒಟ್ಟಿಗೇ ಬೆಳೆದವು.

ಮೆಲ್ಬರ್ನ್ ಬೆಳೆದದ್ದು ಚಿನ್ನದಿಂದ. 1851ರಲ್ಲಿ ಆ ಸೀಮೆ ವಿಕ್ಟೋರಿಯಾ ಎಂಬ ಹೆಸರಿನ ಪ್ರತ್ಯೇಕ ವಸಾಹತಾಯಿತು. ಅದೇ ವರ್ಷ ಅಲ್ಲಿ ಚಿನ್ನ ಸಿಕ್ಕಿತು. ಆಗ ವಸಾಹತಿನ ಜನಸಂಖ್ಯೆ ಸುಮಾರು 77,000; ಹತ್ತು ವರ್ಷ ಕಳೆದು 1861ರ ಹೊತ್ತಿಗೆ ಸುಮಾರು 5 ಲಕ್ಷ 40 ಸಾವಿರ. ಬಂದವರಿಗೆ ಇರಲು ಮನೆಯಿಲ್ಲದೆ 1852ರಲ್ಲಿ ಊರ ಹೊರಗೆ ಡೇರೆಗಳದೇ ಒಂದು ಊರು ಎದ್ದಿತು. ಲಂಡನ್ನಿನಿಂದ ಹಾಯಿಹಡಗಿನಲ್ಲಿ ಹೊರಟವನು ಮೂರು ನಾಲ್ಕು ತಿಂಗಳ ಮೇಲೆ ಅಲ್ಲಿ ಇಳಿಯಬೇಕು. ಮನೆಗೆ ಒಂದು ಕಾಗದ ಬರೆದರೆ ಉತ್ತರ ಬರುವ ಹೊತ್ತಿಗೆ ಅರ್ಧ ವರ್ಷವೋ ಮುಕ್ಕಾಲು ವರ್ಷವೋ ಕಳೆದಿರುತ್ತಿತ್ತು. ಆಸ್ಟ್ರೇಲಿಯಕ್ಕೆ ತಂತಿಯ ಸಂಪರ್ಕ ಬಂದದ್ದೇ 1872ರಲ್ಲಿ.

ಅಂಥ ಊರಿನಲ್ಲಿ ಬದುಕುವುದೆಂದರೇನೆಂದು ಕ್ಷಣಕಾಲ ಯೋಚಿಸಿ. ಬೀದಿಯಲ್ಲಿ ಎದುರಾಗುವವರೆಲ್ಲ ನಿನ್ನೆ ಮೊನ್ನೆ ಬಂದವರು. ಒಳ್ಳೆಯ ವೈದ್ಯ ಯಾರು, ಯಾವ ಅಂಗಡಿಯ ತಕ್ಕಡಿ ಸರಿ, ಯಾವ ವಸತಿಗೃಹದಲ್ಲಿ ಗಂಟುಮೂಟೆ ಇಟ್ಟು ಹೋಗಬಹುದು ಎಂದು ಯಾರನ್ನು ಕೇಳುವುದು? ಅತ್ತೆಯಿಲ್ಲ, ಸೋದರಮಾವನಿಲ್ಲ, ಪಕ್ಕದ ಮನೆಯ ಅಜ್ಜಿಯಿಲ್ಲ. ಹೀಗಿರುವಾಗ ಮಾತಾಡುವುದು ಒಂದೇ ಒಂದು, ಅದು ದಿನಪತ್ರಿಕೆ. ಮೆಲ್ಬರ್ನಿನಲ್ಲಿ ‘ಆರ್ಗಸ್’ ಎಂಬ ಪತ್ರಿಕೆ 1846ರಿಂದ 1957ರವರೆಗೆ ನಡೆಯಿತು. ಅದರ ಹಳೆಯ ಸಂಚಿಕೆಗಳನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ ಇಂದು ಎಲ್ಲರಿಗೂ ತೆರೆದಿಟ್ಟಿದೆ. ಬೆಂಗಳೂರಿನಲ್ಲಿ ಕುಳಿತೇ ಓದಬಹುದು. ಆ ಕಾಲದ ಮುಖಪುಟದಲ್ಲಿ ಸುದ್ದಿಯೇ ಇರುತ್ತಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಸಣ್ಣ ಅಕ್ಷರದ ಜಾಹೀರಾತುಗಳು.

ಏನೇನಿದೆ ಅವುಗಳಲ್ಲಿ! ಇಂಥ ಹಡಗು ಬಂದಿದೆ, ಅದರಿಂದ ಇಳಿದ ಬೂಟು, ಮೇಣದಬತ್ತಿ, ಉಪ್ಪು ಹಾಕಿದ ಮಾಂಸ, ಕುದುರೆಯ ಜೀನು, ಪಿಯಾನೊ ಮಾರಾಟಕ್ಕಿವೆ. ಮನೆಯನ್ನೇ ಕೊಳ್ಳುವಿರಾ? ಅದೂ ಉಂಟು. ಬ್ರಿಟನ್ನಿನಲ್ಲಿ ಮಾಡಿ, ಬಿಚ್ಚಿ, ಪೆಟ್ಟಿಗೆ ಕಟ್ಟಿ ಕಳುಹಿಸಿದ ಕಬ್ಬಿಣದ ತಗಡಿನ ಮನೆಗಳು ಅಲ್ಲಿಗೆ ಬರುತ್ತಿದ್ದವು. 1853ರ ಸುಮಾರಿನ ಅಂಥ ಮನೆ ದಕ್ಷಿಣ ಮೆಲ್ಬರ್ನಿನಲ್ಲಿ ಇಂದಿಗೂ ನಿಂತಿದೆ. ಹಲ್ಲು ಕೀಳುವವರು, ಛಾಯಾಚಿತ್ರ ತೆಗೆಯುವವರು, ಸಂಗೀತ ಕಲಿಸುವವರು, ಅಡಿಗೆಯವಳನ್ನು ಹುಡುಕುವವರು, ಊರಿಗೆ ಮರಳುವವರಿಗೆ ಹಡಗಿನಲ್ಲಿ ಜಾಗ ಕೊಡುವವರು, ಎಲ್ಲರೂ ಅಲ್ಲಿದ್ದಾರೆ. ಆ ದೇಶದಲ್ಲಿ ಡಿಸೆಂಬರೆಂದರೆ ಉರಿಬೇಸಿಗೆ; ಆದರೂ ಕ್ರಿಸ್ಮಸ್ಸಿಗೆ ಇಂಗ್ಲೆಂಡಿನ ಹಿಮಗಾಲಕ್ಕೆ ಒಗ್ಗುವ ಒಣಹಣ್ಣಿನ ಕಡುಬಿನ ಸಾಮಗ್ರಿಯೇ ಆಗಬೇಕು. ಈ ಜನ ಸರಕನ್ನಷ್ಟೇ ಕೊಳ್ಳುತ್ತಿರಲಿಲ್ಲ. ಬಿಟ್ಟುಬಂದ ಮನೆಯನ್ನು ತುಣುಕು ತುಣುಕಾಗಿ ಕೊಳ್ಳುತ್ತಿದ್ದರು.

ಆದ್ದರಿಂದ ಜಾಹೀರಾತೆಂದರೆ ಮೋಸ ಎಂದು ಮೂಗು ಮುರಿಯುವವರ ಜತೆಗೆ ನಾವು ಸೇರಬೇಕಾಗಿಲ್ಲ. ಅಪರಿಚಿತರ ಊರಿಗೆ ಜಾಹೀರಾತು ಬೇಕೇ ಬೇಕಿತ್ತು. ಹಡಗು ಎಂದು ಹೊರಡುತ್ತದೆ, ಹಿಟ್ಟು ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳುವ ನಾಲಿಗೆ ಅದು. ನಾಲಿಗೆ ಇರುವುದು ತಪ್ಪಲ್ಲ. ಆ ನಾಲಿಗೆಗೆ ಮುಖವಿಲ್ಲದಿರುವುದರಿಂದ ಏನಾಗುತ್ತದೆ ಎಂಬುದೇ ವಿಚಾರ.

ನಮ್ಮ ಸಂತೆಯನ್ನು ನೆನೆಯಿರಿ. ಸಂತೆಯಲ್ಲೂ ಸುಳ್ಳುಂಟು. ಬದನೆಕಾಯಿ ಮಾರುವವಳು ಹುಳುಕನ್ನು ಕೆಳಗಿಟ್ಟು ಹೊಳೆಯುವುದನ್ನು ಮೇಲಿಡುತ್ತಾಳೆ. ಎಮ್ಮೆ ಮಾರುವವನು ಹಾಲಿನ ಲೆಕ್ಕ ಹೇಳುವಾಗ ಒಂದು ಸೇರು ಕೂಡಿಸಿಯೇ ಹೇಳುತ್ತಾನೆ. ಆದರೆ ಮುಂದಿನ ಸೋಮವಾರವೂ ಅವಳು ಅದೇ ಮರದ ಕೆಳಗೆ ಗೋಣಿ ಹಾಸಬೇಕು. ಕೊಂಡವಳು ಬಂದು, ‘ಏನಮ್ಮ, ಹೋದ ವಾರ ಕೊಟ್ಟದ್ದು ಎಂಥದು?’ ಎಂದು ನಾಲ್ಕು ಜನರೆದುರಿಗೆ ಕೇಳಬಲ್ಲಳು. ಸಂತೆಯ ಸುಳ್ಳಿಗೆ ಒಂದು ಗಡಿ ಇರುವುದು ಮಾರುವವರ ಧರ್ಮಬುದ್ಧಿಯಿಂದಲ್ಲ, ಮತ್ತೆ ಮುಖ ತೋರಿಸಬೇಕೆಂಬ ಕಟ್ಟಿನಿಂದ. ವಿಕ್ಟೋರಿಯಾ ಸೀಮೆಯ ಹಳ್ಳಿಗಾಡಿನಲ್ಲಿಯೂ ಇಂಥ ವ್ಯಾಪಾರವಿತ್ತು. 1890ರ ದಶಕದಲ್ಲಿ ಅದನ್ನು ಮಾಡುತ್ತಿದ್ದವರಲ್ಲಿ ನಮ್ಮ ದೇಶದವರೇ ಹಲವರು. ಪಂಜಾಬಿನ ಕಡೆಯಿಂದ ಹೋದ ಸಿಖ್ಖರು, ಮುಸಲ್ಮಾನರು ಗಂಟು ಹೊತ್ತು ಮನೆಯಿಂದ ಮನೆಗೆ ನಡೆದು ಬಟ್ಟೆ, ಸೂಜಿ, ದಾರ ಮಾರುತ್ತಿದ್ದರು. ಅವರ ಇಂಗ್ಲಿಷು ಅರೆಬರೆ. ಬೆನ್ನಿಗೆ ಯಾವ ಪತ್ರಿಕೆಯೂ ಇಲ್ಲ. ಆದರೆ ಅವರ ಮಾತಿಗೆ ಒಂದು ಮುಖವಿತ್ತು. ಮುಂದಿನ ಸಲ ಅದೇ ಬಾಗಿಲಿಗೆ ಬರಬೇಕಾದ ಕಾಲುಗಳಿದ್ದವು.

ಹಾಲೊವೆಗೆ ಆ ಕಾಲುಗಳ ಅಗತ್ಯವಿರಲಿಲ್ಲ. ಮುಲಾಮಿನ ಜತೆಗೆ ಅವನು ಗುಳಿಗೆಯನ್ನೂ ಮಾರಲು ತೊಡಗಿದ. ಮೊದಮೊದಲು ಸಾಲದ ಜೈಲನ್ನೂ ಕಂಡ. ಆದರೆ ಜಾಹೀರಾತನ್ನು ಬಿಡಲಿಲ್ಲ. 1842ರಲ್ಲಿ ಅದಕ್ಕೆಂದು ಅವನು ಮಾಡಿದ ಖರ್ಚು 5,000 ಪೌಂಡು, 1851ರಲ್ಲಿ 20,000, ಅವನು ಸತ್ತ 1883ರಲ್ಲಿ 50,000. ಲೋಕದ ಮೂಲೆ ಮೂಲೆಯ ಪತ್ರಿಕೆಗಳಲ್ಲಿ ಅವನ ಹೆಸರು ಬಂತು. ಗುಳಿಗೆ ನುಂಗುವ ವಿಧಾನವನ್ನು ಚೀನೀ, ತುರ್ಕಿ, ಅರಬ್ಬೀ ಭಾಷೆಗಳಿಗೂ ಭಾರತದ ಹಲವು ದೇಶಭಾಷೆಗಳಿಗೂ, ಕೊನೆಗೆ ಸಂಸ್ಕೃತಕ್ಕೂ ಭಾಷಾಂತರಿಸಿದರು. ದೇವಭಾಷೆಯಲ್ಲಿ ಅಜೀರ್ಣದ ಗುಳಿಗೆಯ ವಿಧಿ! ಯಾವ ಪಂಡಿತರು ಅದನ್ನು ಓದಿ ನುಂಗಿದರೋ ದೇವರೇ ಬಲ್ಲ. ಅಜೀರ್ಣಕ್ಕೂ ಅದೇ, ಚರ್ಮರೋಗಕ್ಕೂ ಅದೇ, ಹೆಂಗಸರ ನಿಶ್ಶಕ್ತಿಗೂ ಅದೇ. ಇಷ್ಟು ಬಗೆಯ ಕಾಯಿಲೆಗಳು ಒಂದೇ ಡಬ್ಬಿಯ ಮಾತು ಕೇಳುತ್ತವೆಂದರೆ ಒಂದೋ ಡಬ್ಬಿ ಅದ್ಭುತ, ಇಲ್ಲವೆ ಮಾತು ಅದ್ಭುತ.

ಡಬ್ಬಿಯೊಳಗೆ ಏನಿತ್ತು? ಹಾಲೊವೆಯ ಪ್ರತಿಸ್ಪರ್ಧಿ ಬೀಚಮ್ ಎಂಬುವನ ಗುಳಿಗೆಯ ಲೆಕ್ಕ ನಮಗೆ ನಿಖರವಾಗಿ ದೊರೆಯುತ್ತದೆ. ಪೆಟ್ಟಿಗೆಯೊಂದಕ್ಕೆ ಒಂದು ಗಿನಿ, ಎಂದರೆ 21 ಷಿಲ್ಲಿಂಗು, ಬೆಲೆಬಾಳುತ್ತದೆಂಬುದು ಅದರ ಜಾಹೀರಾತು. ಮಾರುತ್ತಿದ್ದ ಬೆಲೆ 1 ಷಿಲ್ಲಿಂಗು 1½ ಪೆನ್ನಿ. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಇಂಥ ಗುಪ್ತ ಔಷಧಿಗಳನ್ನು ಒಡೆದು ಪರೀಕ್ಷೆಮಾಡಿ ಪುಸ್ತಕವನ್ನೇ ಅಚ್ಚುಹಾಕಿತು. ಬೀಚಮ್ಮನ ಗುಳಿಗೆಯಲ್ಲಿ ಕಂಡದ್ದು ಮೂರೇ ಪದಾರ್ಥ: ಲೋಳೆಸರದ ಒಣಗಿಸಿದ ರಸ, ಶುಂಠಿ, ಸಾಬೂನು. 56 ಗುಳಿಗೆಗಳ ಸಾಮಗ್ರಿಯ ಬೆಲೆ ಅರ್ಧ ಫಾರ್ದಿಂಗು, ಅಂದರೆ ಪೆನ್ನಿಯ ಎಂಟನೆಯ ಒಂದು ಪಾಲು. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೆ? ಲೋಳೆಸರ ಹಿತ್ತಲಲ್ಲಿದ್ದಾಗ ಯಾರೂ ತಿರುಗಿ ನೋಡುವುದಿಲ್ಲ. ಅದು ಸಮುದ್ರ ದಾಟಿ, ಡಬ್ಬಿ ಸೇರಿ, ಪತ್ರಿಕೆಯ ಮುದ್ರೆ ಪಡೆದು ಬಂದರೆ ಗಿನಿಯ ಬೆಲೆಯ ಮದ್ದು.

ಇಲ್ಲಿ ಒಬ್ಬರು ಅಡ್ಡಬಂದು ಹೇಳಬಹುದು: ‘ಇಂಥದನ್ನು ನಂಬಿದವರದೇ ತಪ್ಪು. ಬುದ್ಧಿಯಿದ್ದವನು ಯಾಕೆ ಕೊಳ್ಳಬೇಕು? ಅವರ ಹಣ, ಅವರ ಹೊಟ್ಟೆ.’ ಈ ಮಾತು ಗಟ್ಟಿಯಾಗಿ ಕೇಳಿಸುತ್ತದೆ. ನಮ್ಮಲ್ಲಿ ಹಲವರು ಮನಸ್ಸಿನಲ್ಲಿ ಹೀಗೆಯೇ ಅಂದುಕೊಳ್ಳುತ್ತೇವೆ. ಇದಕ್ಕೆ ಉತ್ತರ ಅದೇ ‘ಆರ್ಗಸ್’ ಪತ್ರಿಕೆಯ ಇನ್ನೊಂದು ಅಂಕಣದಲ್ಲಿದೆ.

ಆ ಅಂಕಣದ ಹೆಸರನ್ನು ಕನ್ನಡದಲ್ಲಿ ‘ಕಾಣೆಯಾದ ಬಂಧುಮಿತ್ರರು’ ಎನ್ನಬಹುದು. ಚಿನ್ನದ ಗಣಿಗಳ ಕಡೆಗೆ ಹೋದ ತಮ್ಮನ ಸುದ್ದಿಯಿಲ್ಲ, ಅಣ್ಣ ಊರಿಗೆ ಬಂದಿದ್ದಾನೆ, ಇಂಥ ವಿಳಾಸಕ್ಕೆ ಬರೆಯಲಿ; ಇಂಥ ಹಡಗಿನಲ್ಲಿ ಬಂದ ಗಂಡನನ್ನು ಹೆಂಡತಿ ಹುಡುಕುತ್ತಿದ್ದಾಳೆ; ತಾಯಿ ತೀರಿಕೊಂಡಳೆಂದು ಮಗನಿಗೆ ಯಾರಾದರೂ ತಿಳಿಸಲಿ. ಇಂಥವೇ ಮಾತುಗಳು, ಎರಡು ಸಾಲು, ಮೂರು ಸಾಲು. ಸಾಲಿಗೆ ಇಷ್ಟು ಎಂದು ದುಡ್ಡು ಕೊಟ್ಟವರು ಒಂದು ಪದವನ್ನೂ ಪೋಲುಮಾಡಿಲ್ಲ. ಓದುತ್ತ ಹೋದಂತೆ ಎದೆ ಹಿಂಡಿದಂತಾಗುತ್ತದೆ. ಎಷ್ಟು ಜನರಿಗೆ ಉತ್ತರ ಬಂತೋ, ಎಷ್ಟು ಜನ ಅಂಚೆಯ ಕಿಟಕಿಯ ಮುಂದೆ ನಿಂತು ಬರಿಗೈಯಲ್ಲಿ ಹಿಂದಿರುಗಿದರೋ!

ಈಗ ನೋಡಿ: ಅದೇ ಪತ್ರಿಕೆ, ಅದೇ ಕಾಗದ, ಅದೇ ಅಚ್ಚುಮೊಳೆ. ತಮ್ಮನನ್ನು ಹುಡುಕಿ ಈ ಅಂಕಣ ಓದುವವನು ಪತ್ರಿಕೆಯನ್ನು ನಂಬಿಯೇ ಓದುತ್ತಾನೆ. ಹಡಗು ಬಂತೆಂದು ಅದು ಹೇಳಿದರೆ ಬಂದರಿಗೆ ಹೋಗುತ್ತಾನೆ; ಹಡಗು ಬಂದೇ ಇರುತ್ತದೆ. ಹೀಗೆ ದಿನದಿನವೂ ನಿಜವಾದ ಪುಟವನ್ನು ನಂಬಿ ನಂಬಿ ಅವನ ಕಣ್ಣಿಗೆ ಒಂದು ಅಭ್ಯಾಸವಾಗಿದೆ. ಆ ಕಣ್ಣು ಒಂದು ಅಂಗುಲ ಜರುಗಿ ಗುಳಿಗೆಯ ಜಾಹೀರಾತಿನ ಮೇಲೆ ಬಿದ್ದಾಗ, ಅಲ್ಲಿಗೆ ಬಂದಕೂಡಲೆ ನಂಬಿಕೆಯನ್ನು ಅಂಗಿಯಂತೆ ಕಳಚಿಡು ಎಂದರೆ ಆದೀತೆ? ಮನುಷ್ಯ ಹಾಗೆ ಅಂಗುಲ ಅಂಗುಲಕ್ಕೆ ನಂಬಿಕೆ ಬದಲಿಸುವ ಪ್ರಾಣಿಯಲ್ಲ. ಹಾಗೆ ಬದಲಿಸುವವನಾದರೆ ಕಳೆದುಹೋದ ತಮ್ಮನ ಸುದ್ದಿಯನ್ನೂ ಅವನು ನಂಬುವಂತಿಲ್ಲ.

ಗುಳಿಗೆ ಮಾರುವವನು ಕೊಂಡದ್ದು ಪತ್ರಿಕೆಯ ಜಾಗವನ್ನಲ್ಲ, ಆ ನಂಬಿಕೆಯನ್ನು. ಹಡಗಿನ ವೇಳೆ ಸರಿಯಾಗಿ ಹೇಳಿ, ಸಾವಿನ ಸುದ್ದಿ ಸರಿಯಾಗಿ ಹೇಳಿ ಪತ್ರಿಕೆ ಗಳಿಸಿದ ವಿಶ್ವಾಸವನ್ನು ಅದು ಅಂಗುಲದ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿತು. ‘ನಾವು ಅಚ್ಚು ಹಾಕುವವರಷ್ಟೆ, ಮಾತು ಅವರದು’ ಎಂದು ಪತ್ರಿಕೆಯವರು ಹೇಳಿಕೊಳ್ಳಬಹುದು. ಮನೆಯನ್ನು ಬಾಡಿಗೆಗೆ ಕೊಟ್ಟವನೂ ಒಳಗೆ ಏನು ನಡೆಯುತ್ತದೋ ನನಗೆ ಗೊತ್ತಿಲ್ಲ ಎನ್ನುತ್ತಾನೆ. ಬಾಡಿಗೆ ತಪ್ಪದೆ ಬರುತ್ತಿರುವಾಗ ಆ ಅಜ್ಞಾನ ಬಲು ಸುಖದ ಅಜ್ಞಾನ. ನಂಬಿದವನದೇ ತಪ್ಪು ಎನ್ನುವವರು ಮರೆಯುವುದು ಇದನ್ನೇ: ನಂಬಿಕೆ ಒಬ್ಬನ ದಡ್ಡತನವಲ್ಲ, ಊರಿನ ಆಸ್ತಿ. ಕೆರೆಯಿಂದ ನೀರು ಕುಡಿದವನನ್ನು ‘ಯಾಕೆ ಕುಡಿದೆ?’ ಎಂದು ಗದರುವ ಮೊದಲು, ಕೆರೆಗೆ ಕೊಳೆ ಸುರಿದವನು ಯಾರೆಂದು ಕೇಳಬೇಡವೆ?

ಎಲ್ಲ ಉತ್ಪ್ರೇಕ್ಷೆಯೂ ಪಾಪವೆ? ಹಾಗೂ ಹೇಳಲಾಗದು. ಮೆಲ್ಬರ್ನಿನಲ್ಲಿ ಎಡ್ವರ್ಡ್ ವಿಲಿಯಮ್ ಕೋಲ್ ಎಂಬ ಪುಸ್ತಕ ವ್ಯಾಪಾರಿಯಿದ್ದ. 1852ರಲ್ಲಿ ಆ ಊರಿಗೆ ಬಂದವನು. ಕೆಲಕಾಲ ಬೀದಿಯಲ್ಲಿ ತಿಂಡಿ ಮಾರಿದವನು. 1883ರಲ್ಲಿ ಅವನು ಬರ್ಕ್ ಬೀದಿಯಲ್ಲಿ ತೆರೆದ ಪುಸ್ತಕಶಾಲೆ ಊರಿನ ಪ್ರೇಕ್ಷಣೀಯ ಸ್ಥಳವೇ ಆಯಿತು. ಬೇಕಾದಷ್ಟು ಹೊತ್ತು ಓದಿ, ಕೊಳ್ಳಿರೆಂದು ಯಾರೂ ಕೇಳುವುದಿಲ್ಲ ಎಂಬುದು ಅವನ ಅಂಗಡಿಯ ನಿಯಮ. ಈ ಕೋಲ್ ಮಹಾಶಯ 1873ರಲ್ಲಿ ಬಾಲವಿರುವ ಮನುಷ್ಯರ ಕುಲವೊಂದು ಪತ್ತೆಯಾಗಿದೆಯೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಊರಿನ ಗಮನವನ್ನೆಲ್ಲ ತನ್ನ ಅಂಗಡಿಯ ಕಡೆಗೆ ತಿರುಗಿಸಿದ. ಇದು ಸುಳ್ಳೇ, ಗುಳಿಗೆಯ ಸುಳ್ಳಿಗಿಂತ ದೊಡ್ಡ ಸುಳ್ಳು. ಆದರೂ ನಮಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಏಕೆ? ನಂಬಿದವನೂ ಕೊನೆಗೆ ನಗುತ್ತಾನೆ; ನಕ್ಕಮೇಲೆ ಅವನ ಕೈಯಿಂದ ಏನೂ ಹೋಗಿರುವುದಿಲ್ಲ. ತಮಾಷೆಯ ಸುಳ್ಳು ತಾನು ಸುಳ್ಳೆಂದು ಕೊನೆಗೆ ಹೇಳಿಬಿಡುತ್ತದೆ. ಗುಳಿಗೆಯ ಸುಳ್ಳಿನ ಬಾಳುವೆಯೇ ಅದು ಎಂದೂ ಬಯಲಾಗದಿರುವುದರ ಮೇಲೆ ನಿಂತಿದೆ.

ಅದೇ ಕೋಲ್ 1875ರಲ್ಲಿ ಇನ್ನೊಂದು ಜಾಹೀರಾತು ಕೊಟ್ಟ: ಹೆಂಡತಿ ಬೇಕು! ತನಗೆ ಎಂಥ ಹೆಣ್ಣು ಬೇಕು, ಎಷ್ಟು ವಯಸ್ಸು, ಎಂಥ ಸ್ವಭಾವ ಎಂದು ಒಂದೊಂದನ್ನೂ ಬಿಡಿಸಿ ಬರೆದ. ಹೊಂದಿಸಿಕೊಟ್ಟವರಿಗೆ 20 ಪೌಂಡು ಬಹುಮಾನವನ್ನೂ ಸಾರಿದ. ಊರು ನಕ್ಕಿತು. ಆದರೆ ಎಲೈಜಾ ಜೋರ್ಡನ್ ಎಂಬ ಹೆಂಗಸು ಅದಕ್ಕೆ ಉತ್ತರ ಬರೆದಳು. ಅದೇ ವರ್ಷ ಅವರ ಮದುವೆಯಾಯಿತು. ಸಂಬಂಧ ಹುಡುಕಿಕೊಡುವ ಬಂಧುಗಳಿಲ್ಲದ ಊರಿನಲ್ಲಿ ಪತ್ರಿಕೆಯೇ ಸೋದರತ್ತೆಯಾಯಿತು. ಈ ಜಾಹೀರಾತಿಗೂ ಗುಳಿಗೆಯ ಜಾಹೀರಾತಿಗೂ ಇರುವ ಅಂತರವನ್ನು ಗಮನಿಸಬೇಕು. ಕೋಲ್ ಎಲ್ಲರಿಗೂ ಮಾತಾಡಿದ, ನಿಜ. ಆದರೆ ಉತ್ತರ ಬಂದ ದಿನ ಅವನು ಒಬ್ಬಳ ಎದುರಿಗೆ ನಿಲ್ಲಬೇಕಾಗಿತ್ತು, ಬರೆದದ್ದಕ್ಕೆಲ್ಲ ಬಾಳಿನುದ್ದಕ್ಕೂ ಜವಾಬು ಹೇಳಬೇಕಾಗಿತ್ತು.

ಕಾನೂನು ಇದಕ್ಕೆ ಏನೆನ್ನುತ್ತದೆ? ನಮ್ಮ ಕಾನೂನು ಕಾಲೇಜುಗಳಲ್ಲಿ ಕರಾರಿನ ಪಾಠ ಓದಿದವರಿಗೆಲ್ಲ ‘ಹೊಗೆಯುಂಡೆ’ಯ ಮೊಕದ್ದಮೆ ನೆನಪಿರುತ್ತದೆ. 1891ರಲ್ಲಿ ಲಂಡನ್ನಿನ ಒಂದು ಕಂಪೆನಿ, ತಾನು ಮಾರುವ ಕಾರ್ಬಾಲಿಕ್ ಹೊಗೆಯುಂಡೆಯನ್ನು ಹೇಳಿದಂತೆ ಮೂಸಿದ ಮೇಲೂ ಇನ್‌ಫ್ಲುಯೆನ್ಜಾ ಬಂದರೆ 100 ಪೌಂಡು ಕೊಡುವೆನೆಂದು ಸಾರಿತು; ತನ್ನ ಮಾತು ಪೊಳ್ಳಲ್ಲವೆಂದು ತೋರಿಸಲು 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಹೇಳಿತು. ಕಾರ್ಲಿಲ್ ಎಂಬಾಕೆ ಸುಮಾರು ಎರಡು ತಿಂಗಳು ದಿನಕ್ಕೆ ಮೂರು ಸಲ ಮೂಸಿದಳು; 1892ರ ಜನವರಿಯಲ್ಲಿ ಜ್ವರ ಬಂದೇ ಬಂತು. ಹಣ ಕೇಳಿದರೆ, ‘ಜಾಹೀರಾತಿನ ಮಾತು ಕರಾರಲ್ಲ, ಲೋಕಕ್ಕೆಲ್ಲ ಹೇಳಿದ್ದು ಯಾರಿಗೂ ಹೇಳಿದ್ದಲ್ಲ’ ಎಂಬ ಧಾಟಿಯಲ್ಲಿ ಕಂಪೆನಿ ವಾದಿಸಿತು. ಅಪೀಲು ನ್ಯಾಯಾಲಯ 1892ರ ಡಿಸೆಂಬರಿನಲ್ಲಿ ಈ ವಾದವನ್ನು ತಳ್ಳಿಹಾಕಿತು. ಲೋಕಕ್ಕೆಲ್ಲ ಕೊಟ್ಟ ಮಾತನ್ನು ನಂಬಿ ಒಬ್ಬರು ಅದರಂತೆ ನಡೆದರೆ, ಅವರ ಮಟ್ಟಿಗೆ ಅದು ಕೊಟ್ಟ ಮಾತೇ.

ಇದು ದೊಡ್ಡ ತೀರ್ಪು. ಎಲ್ಲರಿಗೂ ಆಡಿದ ಮಾತಿನೊಳಗೆ ಒಬ್ಬೊಬ್ಬರಿಗೂ ಆಡಿದ ಮಾತಿದೆ ಎಂಬುದನ್ನು ಅದು ಒಪ್ಪಿಕೊಂಡಿತು. ಆದರೆ ಅದರ ಹಿಂದೆ ಒಂದು ಸಣ್ಣ ಬಾಗಿಲು ತೆರೆದೇ ಉಳಿಯಿತು. ಬರಿಯ ಹೊಗಳಿಕೆಯ ಮಾತಿಗೆ ಕಾನೂನಿನ ಕಟ್ಟಿಲ್ಲ. ಈ ಕಂಪೆನಿ ಸಿಕ್ಕಿಬಿದ್ದದ್ದು ಇಷ್ಟು ಹಣ ಕೊಡುವೆ, ಬ್ಯಾಂಕಿನಲ್ಲಿ ಇಟ್ಟಿರುವೆ ಎಂದು ಖಚಿತವಾಗಿ ಹೇಳಿದ್ದರಿಂದ. ಹಾಗಾದರೆ ಜಾಣನಿಗೆ ಸಿಕ್ಕ ಪಾಠವೇನು? ಖಚಿತವಾಗಿ ಏನನ್ನೂ ಹೇಳಬೇಡ, ಮೋಡದಂಥ ಮಾತನ್ನಾಡು. ಅಂಕಿ ಹೇಳಿದ ಸುಳ್ಳುಗಾರನನ್ನು ಕಾನೂನು ಹಿಡಿಯಿತು. ಅಂಕಿ ಹೇಳದೆ ಆಸೆ ಹುಟ್ಟಿಸಿದವನು ಬೆಳ್ಳಗೆ ನಗುತ್ತ ನಡೆದುಹೋದ. ಕಾನೂನಿನ ಬಲೆಗೆ ಸಿಕ್ಕದ್ದೆಲ್ಲ ಧರ್ಮಕ್ಕೂ ಸಿಕ್ಕುವುದಿಲ್ಲ ಎಂದುಕೊಂಡರೆ ಅದು ನಮ್ಮ ತಪ್ಪು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮವಾದದ್ದು. ‘ಆ ಗುಳಿಗೆಯಿಂದ ಕೇಡೇನಾಯಿತು? ವೈದ್ಯನಿಲ್ಲದ ಕಾಡಿನಲ್ಲಿ ಒಂಟಿಯಾಗಿದ್ದವನಿಗೆ ಅದು ಧೈರ್ಯ ಕೊಟ್ಟಿತು. ಭರವಸೆಯೂ ಒಂದು ಮದ್ದಲ್ಲವೆ?’ ಈ ಮಾತಿನಲ್ಲಿ ಕರುಣೆಯಿದೆ. ಅದಕ್ಕೇ ಇದು ಅಪಾಯದ ಮಾತು. ಭರವಸೆ ಮದ್ದಾಗಬಹುದು. ಆದರೆ ತಾನು ಕೊಡುತ್ತಿರುವುದು ಭರವಸೆ ಮಾತ್ರ ಎಂದು ಬಲ್ಲವನು, ಅದಕ್ಕೆ ಪದಾರ್ಥದ ಬೆಲೆಯ ನೂರು ಪಟ್ಟು ವಸೂಲು ಮಾಡಿದರೆ ಅದನ್ನು ಸಾಂತ್ವನ ಎನ್ನಲಾಗದು. ಅಲ್ಲದೆ ಎಲ್ಲ ಡಬ್ಬಿಗಳೂ ಶುಂಠಿ ಸಾಬೂನುಗಳಷ್ಟೇ ಸಾಧುವಾಗಿರಲಿಲ್ಲ. ಭಾರತದಲ್ಲಿ ಸೈನ್ಯದ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ಮಾಡಿದ ‘ಕ್ಲೋರೊಡೈನ್’ ಎಂಬ ದ್ರವ, 1850ರ ದಶಕದಿಂದ ಇಂಗ್ಲೆಂಡಿನಲ್ಲೂ ವಸಾಹತುಗಳಲ್ಲೂ ಮನೆಮನೆಯ ಮದ್ದಾಯಿತು. ಅದರಲ್ಲಿದ್ದದ್ದು ಅಫೀಮು, ಕ್ಲೋರೊಫಾರಂ, ಗಾಂಜಾದ ಸಾರ. ನೋವು ನಿಂತದ್ದು ನಿಜ. ಆದರೆ ಹಲವರಿಗೆ ಶೀಸೆಯನ್ನು ಬಿಡಲಾಗದ ಚಟವೂ ಹತ್ತಿತು. 1864ರಲ್ಲಿ ಈ ಮದ್ದು ನ್ಯಾಯಾಲಯಕ್ಕೂ ಹೋಯಿತು. ಒಳಗೆ ಏನಿದೆ, ಕುಡಿದವರಿಗೆ ಏನಾಗುತ್ತದೆ ಎಂಬ ವಿಚಾರಕ್ಕಲ್ಲ. ಹೆಸರು ಯಾರದು, ಮೊದಲು ಮಾಡಿದವನು ಯಾರು ಎಂಬ ಜಗಳಕ್ಕೆ! ಬ್ರೌನನೇ ಮೊದಲಿಗನೆಂದು ನ್ಯಾಯಾಧೀಶರು ಹೇಳಿದ ಮಾತು ಮುಂದೆ ವರ್ಷಗಟ್ಟಲೆ ಜಾಹೀರಾತುಗಳಲ್ಲಿ ಮೆರೆಯಿತು. ನ್ಯಾಯಪೀಠದ ಮಾತೂ ಮದ್ದಿನ ಶೀಸೆಯ ಬಿರಡೆಯಾಯಿತು.

ಹಾಲೊವೆಯನ್ನು ಕೇವಲ ದುಷ್ಟನೆಂದು ಬರೆದು ಮುಗಿಸುವುದೂ ಸರಿಯಲ್ಲ. ಮಕ್ಕಳಿಲ್ಲದ ಅವನು ತನ್ನ ಅಪಾರ ಹಣದಿಂದ ಮನೋರೋಗಿಗಳಿಗೆ ಒಂದು ಆಸ್ಪತ್ರೆಯನ್ನೂ ಹೆಣ್ಣುಮಕ್ಕಳಿಗೆ ಒಂದು ಕಾಲೇಜನ್ನೂ ಕಟ್ಟಿಸಿದ. ಕಾಲೇಜನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ತೆರೆದಳು. ಲಂಡನ್ ವಿಶ್ವವಿದ್ಯಾಲಯದ ಅಂಗವಾಗಿ ಅದು ಇಂದೂ ನಡೆಯುತ್ತಿದೆ. ಅಲ್ಲಿ ಓದಿದ ಹೆಣ್ಣುಮಕ್ಕಳ ವಿದ್ಯೆ ಸುಳ್ಳಲ್ಲ. ಆದರೆ ಆ ಕಟ್ಟಡದ ಒಂದೊಂದು ಇಟ್ಟಿಗೆಯಲ್ಲೂ ದೂರದೂರದ ಬಡವರ ಷಿಲ್ಲಿಂಗುಗಳಿದ್ದವೆಂಬುದೂ ಸುಳ್ಳಲ್ಲ. ದಾನವನ್ನು ಕೊಟ್ಟವನು ಆರಿಸಿಕೊಂಡ. ಹಣ ತೆತ್ತವರು ದಾನ ಮಾಡುತ್ತಿರುವೆವೆಂದು ತಿಳಿದಿರಲಿಲ್ಲ. ಪಡೆದವರಿಗೆ ಹಿಂದಿರುಗಿಸಲಾಗದ್ದನ್ನು ಬೇರೆಯವರಿಗೆ ಕೊಟ್ಟರೆ ಪುಣ್ಯ ಬರಬಹುದು, ಸಾಲ ತೀರುವುದಿಲ್ಲ.

ಕಾಲಕ್ರಮದಲ್ಲಿ ಸರಕಾರಗಳು ಎಚ್ಚೆತ್ತವು. 1905ರಲ್ಲಿ ವಿಕ್ಟೋರಿಯಾ ಸೀಮೆ ಶುದ್ಧ ಆಹಾರದ ಕಾಯಿದೆ ಮಾಡಿತು. ಆಕ್ಟೇವಿಯಸ್ ಬೀಲ್ ಎಂಬ ಪಿಯಾನೊ ತಯಾರಕ ಆಸ್ಟ್ರೇಲಿಯದ ಸರಕಾರಕ್ಕಾಗಿ ಗುಪ್ತ ಔಷಧಿಗಳನ್ನು ವಿಚಾರಣೆ ಮಾಡಿ 1907ರಲ್ಲಿ ದೊಡ್ಡ ವರದಿ ಒಪ್ಪಿಸಿದ. ನಮ್ಮ ದೇಶದಲ್ಲಿ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ಬಂತು. 2019ರ ಗ್ರಾಹಕ ರಕ್ಷಣಾ ಕಾಯಿದೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ವಿಧಿಸುತ್ತದೆ. ದುಡ್ಡು ಪಡೆದು ಸರಕನ್ನು ಹೊಗಳುವ ಪ್ರಸಿದ್ಧರನ್ನೂ ಹೊಣೆಗೆ ಗುರಿಮಾಡುತ್ತದೆ. ಇವೆಲ್ಲ ಬೇಕು. ಆದರೆ ಡಬ್ಬಿಯ ಮೇಲೆ ಪದಾರ್ಥಗಳ ಹೆಸರು ಬರೆಸಬಲ್ಲ ಕಾನೂನು, ಮಾತಾಡುವವನ ಎದೆಯಲ್ಲಿ ಕೇಳುವವನ ಮುಖವನ್ನು ಬರೆಸಲಾರದು.

ಈಗ ಜಾಹೀರಾತಿನ ಠೀವಿಯೂ ಬದಲಾಗಿದೆ. ಅಂದು ಅದು ಎಲ್ಲರಿಗೂ ಒಂದೇ ಮಾತು ಹೇಳುತ್ತಿತ್ತು. ಇಂದು ಕೈಯಲ್ಲಿರುವ ಫೋನಿನೊಳಗಿನಿಂದ ಅದು ನಮ್ಮ ಹೆಸರು ಹಿಡಿದು ಕೂಗುತ್ತದೆ. ನಿನ್ನೆ ನಾವು ಏನು ಹುಡುಕಿದೆವೆಂದು ಬಲ್ಲದು. ಮಂಡಿನೋವಿದ್ದವರಿಗೆ ಮಂಡಿಯ ಎಣ್ಣೆ, ಸಾಲವಿದ್ದವರಿಗೆ ಇನ್ನೊಂದು ಸಾಲ. ಮುಖಾಮುಖಿ ಮಾತಿನ ಆತ್ಮೀಯತೆಯೆಲ್ಲ ಅದಕ್ಕೆ ಬಂದಿದೆ. ಮುಖಾಮುಖಿ ಮಾತಿನ ಹೊಣೆ ಮಾತ್ರ ಬಂದಿಲ್ಲ. ನಗರಗಳಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದೆ ಬಾಳುವ ನಾವೂ ಒಂದು ಬಗೆಯಲ್ಲಿ ಆ ಡೇರೆಗಳ ಊರಿನವರೇ.

ಆದ್ದರಿಂದ ಆ ಹಳೆಯ ಪುಟದಿಂದ ಒಂದು ಅಳತೆಗೋಲನ್ನು ಎತ್ತಿಕೊಳ್ಳೋಣ. ಕಾಣೆಯಾದ ತಮ್ಮನಿಗಾಗಿ ಎರಡು ಸಾಲು ಅಚ್ಚು ಹಾಕಿಸಿದವನೂ ಜಾಹೀರಾತುದಾರನೇ, ಗುಳಿಗೆಯವನೂ ಜಾಹೀರಾತುದಾರನೇ. ಮೊದಲನೆಯವನು ಊರಿಗೆಲ್ಲ ಕೇಳುವಂತೆ ಮಾತಾಡಿದ; ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ಒಬ್ಬನೇ. ಎರಡನೆಯವನು ನಿನಗೇ, ನಿನ್ನ ನೋವಿಗೇ ಎಂಬಂತೆ ಮಾತಾಡಿದ. ಅವನ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ವ್ಯಾಪಾರಿಯಾಗಲಿ, ಪತ್ರಿಕೆಯಾಗಲಿ, ವೋಟು ಕೇಳುವವನಾಗಲಿ, ಸಭೆಯಲ್ಲಿ ಭಾಷಣ ಮಾಡುವವನಾಗಲಿ, ಹೀಗೆ ಲೇಖನ ಬರೆಯುವವನೇ ಆಗಲಿ, ಎಲ್ಲರಿಗೂ ಮಾತಾಡಹೊರಟವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮಾತನ್ನು ನಂಬಿದ ಒಬ್ಬರು ನಾಳೆ ನನ್ನ ಮನೆಯ ಬಾಗಿಲು ತಟ್ಟಿದರೆ, ನಾನು ಬಾಗಿಲು ತೆರೆಯಬಲ್ಲೆನೆ?